ವಾರಕ್ಕೆರಡು ಗಂಟೆ

ನಾಯಂಡಹಳ್ಳಿ ಎಂದರೆ ಬೆಂಗಳೂರಿನ ಬಹಳ ಜನಕ್ಕೆ ನೆನಪಾಗುವುದು ಸಿಗ್ನಲ್ಲು, ಮೇಲ್ಸೇತುವೆ, ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಜಾಗ. 2021ರ ಆಗಸ್ಟ್ ಕೊನೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿಯವರೆಗೆ ಬಂದಾಗ ಇಲ್ಲೊಂದು ನಿಲ್ದಾಣವೂ ಆಯಿತು. ಬೆಳಗಿನ ಹೊತ್ತು ಈ ಕೂಡುರಸ್ತೆಯಲ್ಲಿ ನಿಂತು ನೋಡಿದರೆ ಕಣ್ಣಿಗೆ ಬೀಳುವವರೆಲ್ಲ ಬೆನ್ನಿಗೆ ಬ್ಯಾಗು ಹಾಕಿದ ಹುಡುಗ ಹುಡುಗಿಯರು. ಹೊರವರ್ತುಲ ರಸ್ತೆ ಹಿಡಿದರೆ ಹೊಸಕೆರೆಹಳ್ಳಿಯ ಪಿಇಎಸ್. ಮೈಸೂರು ರಸ್ತೆಯಲ್ಲೇ ಮುಂದೆ ಹೋದರೆ ಆರ್.ವಿ. ಎಂಜಿನಿಯರಿಂಗ್ ಕಾಲೇಜು. ಮೆಟ್ರೊದಲ್ಲಿ ಎರಡನೆಯ ನಿಲ್ದಾಣಕ್ಕೆ ಇಳಿದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಊರಿನ ಈ ಮೂಲೆಯಲ್ಲಿ ಓದುವ ಮಕ್ಕಳ ಸಂಖ್ಯೆ ದೊಡ್ಡದು.

ಅದೇ ಕೂಡುರಸ್ತೆಯ ಆಸುಪಾಸಿನಲ್ಲಿ ಇನ್ನೊಂದು ಬದುಕೂ ಇದೆ. ಪಂತರಪಾಳ್ಯ, ಬ್ಯಾಟರಾಯನಪುರದ ಕಡೆ ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳು. ಗುಜರಿ ಪ್ಲಾಸ್ಟಿಕ್ ಬೇರ್ಪಡಿಸುವ ಶೆಡ್ಡುಗಳು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಮನೆಗಳಲ್ಲಿ ಇರುವ ಸಂಸಾರಗಳು. ಸರ್ಕಾರಿ ಶಾಲೆಗಳು. ಪಕ್ಕದಲ್ಲಿ ಕಪ್ಪಾಗಿ ಹರಿಯುವ ವೃಷಭಾವತಿ. ನಮ್ಮ ವಿದ್ಯಾರ್ಥಿ ನಾಲ್ಕು ವರ್ಷ ದಿನಕ್ಕೆರಡು ಸಲ ಇದೆಲ್ಲದರ ಮೇಲೆ ಹಾದುಹೋಗಿ ಪದವಿ ಪಡೆದು ಹೊರಡಬಹುದು, ಒಮ್ಮೆಯೂ ಕೆಳಗಿಳಿಯದೆ. ಹಾಗೆ ಹೊರಟವರೇ ಹೆಚ್ಚು. ಅದರಿಂದ ಈ ಬಡಾವಣೆಗಳಿಗೆ ಆಗುವ ನಷ್ಟ ಒಂದು ಕಡೆಗಿರಲಿ. ಆ ವಿದ್ಯಾರ್ಥಿಗೆ ಆಗುವ ನಷ್ಟದ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ.

ಆ ನಷ್ಟ ತಪ್ಪಿಸುವ ದಾರಿ ಸ್ವಯಂಸೇವೆ. ಹಾಗೆಂದ ಕೂಡಲೇ ತಂದೆತಾಯಿಗಳಿಗೆ ಒಂದು ಆತಂಕ: ಓದುವ ಹೊತ್ತು ಹಾಳಾಗುತ್ತದೆ. ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಸರ್ಟಿಫಿಕೇಟು ಸಿಗುತ್ತದೆಯೇ? ಎರಡೂ ಸಹಜವಾದ ಪ್ರಶ್ನೆಗಳೇ. ಉತ್ತರ ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಕಾಲೇಜು ವಿದ್ಯಾರ್ಥಿಗಳು ದೇಶದ ಕೆಲಸಕ್ಕೆ ಕೈಹಚ್ಚಬೇಕೆಂಬ ಮಾತು ಸ್ವಾತಂತ್ರ್ಯ ಬಂದ ಹೊಸದರಲ್ಲೇ ಎದ್ದಿತು. ಡಾ. ರಾಧಾಕೃಷ್ಣನ್ ಅವರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಇದನ್ನು ಸ್ವ-ಇಚ್ಛೆಯ ಸೇವೆಯಾಗಿ ಕಲ್ಪಿಸಿತು. ಆಮೇಲೆ 1959ರಲ್ಲಿ ಸಿ.ಡಿ. ದೇಶಮುಖ್ ಅವರ ಅಧ್ಯಕ್ಷತೆಯ ಸಮಿತಿ, ಪ್ರೌಢಶಾಲೆ ಮುಗಿಸಿದವರೆಲ್ಲ ಒಂಬತ್ತು ತಿಂಗಳಿಂದ ಒಂದು ವರ್ಷ ಕಡ್ಡಾಯವಾಗಿ ರಾಷ್ಟ್ರಸೇವೆ ಮಾಡಲಿ ಎಂದು ಹೇಳಿತು. ಇದರ ಸಾಧಕ ಬಾಧಕ ತಿಳಿಯಲು ಶಿಕ್ಷಣತಜ್ಞ ಕೆ.ಜಿ. ಸೈಯದೈನ್ ಹಲವು ದೇಶಗಳನ್ನು ಸುತ್ತಿ ಬಂದು, ಕಡ್ಡಾಯ ಬೇಡ, ಮನಸ್ಸಿದ್ದವರು ಮಾಡಲಿ ಎಂದು ವರದಿ ಕೊಟ್ಟರು. ಹತ್ತಿಪ್ಪತ್ತು ವರ್ಷದ ಈ ಜಗ್ಗಾಟದ ನಂತರ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ, ನಾವೆಲ್ಲ ಎನ್ನೆಸ್ಸೆಸ್ ಎನ್ನುವುದು, 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40 ಸಾವಿರ ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಕೊನಾರ್ಕದ ಸೂರ್ಯದೇವಾಲಯದ ರಥಚಕ್ರ ಅದರ ಲಾಂಛನ. 'ನನಗಲ್ಲ, ನಿನಗೆ' ಅದರ ಧ್ಯೇಯವಾಕ್ಯ.

ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಮಂತ್ರಿ ಯಾರು ಬಲ್ಲಿರಾ? ಡಾ. ವಿ.ಕೆ.ಆರ್.ವಿ. ರಾವ್. ದೊಡ್ಡ ಅರ್ಥಶಾಸ್ತ್ರಜ್ಞರು, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದವರು. ಮಂತ್ರಿಪದವಿ ಬಿಟ್ಟ ಮೇಲೆ ಅವರು ಬೆಂಗಳೂರಿಗೆ ಬಂದು 1972ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಅದು ಇರುವುದು ನಾಗರಭಾವಿಯಲ್ಲಿ, ನಾಯಂಡಹಳ್ಳಿಯಿಂದ ಹೊರವರ್ತುಲ ರಸ್ತೆಯಲ್ಲಿ ಹೋದರೆ ಬಹಳ ದೂರವೇನಿಲ್ಲ. ಈ ದಾರಿಯಲ್ಲಿ ಓಡಾಡುವ ಎನ್ನೆಸ್ಸೆಸ್ ಹುಡುಗರಿಗೆ ಇದು ಗೊತ್ತಿರಬೇಕು. ತಮ್ಮ ಎದೆಯ ಮೇಲಿನ ಬ್ಯಾಡ್ಜಿಗೂ ತಮ್ಮ ನೆರೆಹೊರೆಗೂ ಇಂಥ ನಂಟಿದೆ ಎಂದು ತಿಳಿದರೆ ಹೆಮ್ಮೆಪಡುತ್ತಾರೆ.

ಎನ್ನೆಸ್ಸೆಸ್ ಒಬ್ಬ ಸ್ವಯಂಸೇವಕನಿಂದ ಕೇಳುವುದು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಜೊತೆಗೆ ದತ್ತು ತೆಗೆದುಕೊಂಡ ಹಳ್ಳಿಯಲ್ಲೋ ಬಡಾವಣೆಯಲ್ಲೋ ಏಳು ದಿನದ ವಿಶೇಷ ಶಿಬಿರ. 120 ಎಂಬುದನ್ನು ವಾರಗಳಿಗೆ ಹಂಚಿ ನೋಡಿ. ವಾರಕ್ಕೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಓದು ಹಾಳಾಗುತ್ತದೆ ಎಂಬ ಆತಂಕಕ್ಕೆ ಇಷ್ಟು ಲೆಕ್ಕ ಸಾಕು. ನಾನು ಒತ್ತಿ ಹೇಳಬೇಕೆಂದಿರುವುದು ಆ 'ವಾರಕ್ಕೆ' ಎನ್ನುವುದನ್ನು. ವರ್ಷದ ಗಂಟೆಗಳನ್ನೆಲ್ಲ ಒಂದು ಶಿಬಿರಕ್ಕೋ ಒಂದು ಸ್ವಚ್ಛತಾ ದಿನಕ್ಕೋ ಸುರಿದು ಮುಗಿಸಿದವರಿಗೆ ಫೋಟೊ ಸಿಗುತ್ತದೆ. ಪ್ರತಿ ವಾರ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋದವರಿಗೆ ಮಾತ್ರ ಸ್ವಯಂಸೇವೆಯ ನಿಜವಾದ ಲಾಭ ಸಿಗುತ್ತದೆ. ಏಕೆಂದರೆ ಆಗ ಅಲ್ಲಿ ಯಾರೋ ಅವರಿಗಾಗಿ ಕಾಯಲು ಶುರುಮಾಡುತ್ತಾರೆ. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗನಿಗೆ, ಹುಡುಗಿಗೆ, ತನ್ನನ್ನು ಒಬ್ಬರು ನಂಬಿ ಕಾಯುತ್ತಿದ್ದಾರೆ ಎಂಬ ಅರಿವು ಮಾಡುವ ಕೆಲಸವನ್ನು ಯಾವ ಪಠ್ಯಕ್ರಮವೂ ಮಾಡಲಾರದು.

ಪರೀಕ್ಷೆ ಬರೆದುಕೊಡುವ ಕೆಲಸವನ್ನೇ ತೆಗೆದುಕೊಳ್ಳಿ. ಕಣ್ಣು ಕಾಣದ, ಅಥವಾ ಕೈಯಲ್ಲಿ ಬರೆಯಲಾಗದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್ ಬೇಕು. ಅಂಥ ಅಭ್ಯರ್ಥಿ ತನ್ನದೇ ಸ್ಕ್ರೈಬನ್ನು ಕರೆತಂದರೆ ಆ ವ್ಯಕ್ತಿಯ ಓದು ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕೆಂದು 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳಿತು. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯ ಕೊಡಬೇಕೆಂದೂ ಹೇಳಿತು. ಅಂದರೆ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಪದವಿ, ಸ್ನಾತಕೋತ್ತರ ಪದವಿ, ಬ್ಯಾಂಕು, ಸರ್ಕಾರಿ ನೌಕರಿ ಹೀಗೆ ಪರೀಕ್ಷೆಗಳ ಸಾಲು ಇರುವ ಬೆಂಗಳೂರಿನಂಥ ಊರಿನಲ್ಲಿ ಸ್ಕ್ರೈಬ್ ಸಿಗದೆ ಒದ್ದಾಡುವವರು ಎಷ್ಟೋ. ಪರೀಕ್ಷೆಯ ಹಿಂದಿನ ರಾತ್ರಿ ಫೋನ್ ಮಾಡಿ, ಬರುತ್ತೇನೆಂದವರು ಬರುತ್ತಿಲ್ಲ, ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳುವ ಧ್ವನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಕೆಲಸ ಮೇಲುನೋಟಕ್ಕೆ ಸುಲಭ. ಪ್ರಶ್ನೆ ಓದಬೇಕು, ಹೇಳಿದ್ದನ್ನು ಬರೆಯಬೇಕು. ಕೂತು ನೋಡಿದಾಗ ಅದರ ಕಷ್ಟ ತಿಳಿಯುತ್ತದೆ. ಪ್ರಶ್ನೆಪತ್ರಿಕೆಯನ್ನು ಪೂರ್ತಿಯಾಗಿ, ಬಿಡಿಬಿಡಿಯಾಗಿ, ಅಂಕಗಳ ಸಮೇತ ಓದಿ ಹೇಳಬೇಕು. ಯಾವ ಪ್ರಶ್ನೆಗೆ ಎಷ್ಟು ಹೊತ್ತಾಯಿತೆಂದು ತಿಳಿಸಬೇಕು. ಎದುರಿಗಿರುವವರು ಯೋಚಿಸುತ್ತ ಸುಮ್ಮನೆ ಕೂತಾಗ ತಾನೂ ಸುಮ್ಮನಿರಬೇಕು, ಪೆನ್ನು ಕುಟ್ಟಬಾರದು. ಅವರು ವಾಕ್ಯ ಬದಲಾಯಿಸಿ ಎಂದರೆ ಬೇಸರವಿಲ್ಲದೆ ಹೊಡೆದುಹಾಕಿ ಮತ್ತೆ ಬರೆಯಬೇಕು. ಎಲ್ಲಕ್ಕಿಂತ ಕಷ್ಟದ ಮಾತೆಂದರೆ, ಉತ್ತರ ತಪ್ಪೆಂದು ತನಗೆ ಗೊತ್ತಿದ್ದರೂ ತಿದ್ದುವಂತಿಲ್ಲ. ಮುಖ ನೋಡಿ ತಿಳಿಯುವುದು ಸಾಧ್ಯವಿಲ್ಲದವರಿಗೆ ಉಸಿರಿನ ಏರುಪೇರಿನಿಂದಲೂ ಸೂಚನೆ ಕೊಡುವಂತಿಲ್ಲ. ತನಗೆ ತಿಳಿದದ್ದನ್ನು ಹೇಳಿಬಿಡುವ ಚಪಲ ನಮ್ಮ ಓದಿದ ಮಕ್ಕಳಲ್ಲಿ ಬಹಳ. ಚರ್ಚೆಯಲ್ಲಿ, ಗ್ರೂಪ್ ಡಿಸ್ಕಷನ್ನಿನಲ್ಲಿ ಮೊದಲು ಬಾಯಿ ತೆರೆದವರಿಗೇ ಬೆಲೆ ಎಂದು ನಾವೇ ಕಲಿಸಿದ್ದೇವೆ. ನಾಲ್ಕು ಗಂಟೆ ಕೂತು ಇನ್ನೊಬ್ಬರ ಮಾತನ್ನು ಒಂದಕ್ಷರ ಕೂಡಿಸದೆ ಕಳೆಯದೆ ಕಾಗದಕ್ಕೆ ಇಳಿಸುವುದು ಆ ಚಪಲಕ್ಕೆ ಮದ್ದು. ಮುಂದೆ ವೈದ್ಯರಾಗಲಿ, ವಕೀಲರಾಗಲಿ, ಪತ್ರಕರ್ತರಾಗಲಿ, ಸಾಫ್ಟ್‌ವೇರ್ ಕಂಪನಿಯಲ್ಲಿ ಗ್ರಾಹಕರ ಬೇಡಿಕೆ ಕೇಳಿ ಬರೆದುಕೊಳ್ಳುವವರಾಗಲಿ, ಈ ಕೇಳುವ ಶಕ್ತಿ ಇಲ್ಲದೆ ಕೆಲಸ ನಡೆಯುವುದಿಲ್ಲ. ಹೀಗೆ ಬರೆದುಕೊಟ್ಟು ಬಂದ ಮಕ್ಕಳ ಮಾತಿನ ರೀತಿಯೇ ನಿಧಾನವಾಗಿ ಬದಲಾಗುವುದನ್ನು ನಾನು ಕಂಡಿದ್ದೇನೆ. ಪ್ರಶ್ನೆ ಪೂರ್ತಿ ಕೇಳಿಸಿಕೊಂಡು ಆಮೇಲೆ ಉತ್ತರ ಕೊಡುತ್ತಾರೆ.

ಇನ್ನು ಶಾಲೆಗಳು. ಈ ಭಾಗದ ಸರ್ಕಾರಿ ಶಾಲೆಗೆ ಸಂಜೆ ಹೊತ್ತು ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡಲು ಹೋಗುವ ವಿದ್ಯಾರ್ಥಿಗೆ ಮೊದಲ ದಿನವೇ ಒಂದು ಸತ್ಯ ಎದುರಾಗುತ್ತದೆ. ಭಿನ್ನರಾಶಿ ತನಗೆ ಬರುತ್ತದೆ, ಅದನ್ನು ಕನ್ನಡದಲ್ಲಿ ಹೇಳಲು ಬರುವುದಿಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರೂ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಅಂಶ, ಛೇದ, ಲಸಾಅ, ಮಸಾಅ ಎಂಬ ಮಾತುಗಳೇ ಹೊಸವು. ಹಲಗೆಯ ಮೇಲೆ ನಾಲ್ಕು ಸಾಲು ಕನ್ನಡ ಬರೆಯಲು ತಡವರಿಸುತ್ತಾರೆ. ಎದುರಿಗೆ ಕೂತ ಆರನೇ ತರಗತಿಯ ಹುಡುಗಿ, ಅವಳೂ ದೂರದ ಯಾದಗಿರಿ ಕಡೆಯ ಕನ್ನಡದವಳು, "ಅಕ್ಕಾ, ಒತ್ತಕ್ಷರ ತಪ್ಪೈತಿ" ಎನ್ನುತ್ತಾಳೆ. ಹೀಗೆ ಕಲಿಸಲು ಹೋದವರು ತಮ್ಮ ಭಾಷೆಯನ್ನು ಮರಳಿ ಪಡೆದು ಬರುತ್ತಾರೆ. ಹೊರರಾಜ್ಯಗಳಿಂದ ಬಂದು ಇಲ್ಲಿನ ಹಾಸ್ಟೆಲ್, ಪಿಜಿಗಳಲ್ಲಿರುವ ವಿದ್ಯಾರ್ಥಿಗಳಿಗೂ ಕನ್ನಡ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮಕ್ಕಳ ಜೊತೆ ಭಾಷೆ ಕಲಿಯಲು ಯಾರಿಗೂ ನಾಚಿಕೆಯಾಗುವುದಿಲ್ಲ.

ಆದರೆ ಶಾಲೆಯ ವಿಷಯದಲ್ಲಿ ಒಂದು ಎಚ್ಚರ ಹೇಳಲೇಬೇಕು. ಮೂರು ವಾರ ಹೋಗಿ ನಾಲ್ಕನೆಯ ವಾರ ನಿಲ್ಲಿಸುವುದಾದರೆ ಹೋಗುವುದೇ ಬೇಡ. ಅಪ್ಪ ಅಮ್ಮ ಕೆಲಸ ಸಿಕ್ಕ ಕಡೆಗೆ ಗುಡಿಸಲು ಬದಲಿಸುತ್ತಿರುವ ಮಕ್ಕಳು ಜನ ಬಂದು ಹೋಗುವುದನ್ನು ಸಾಕಷ್ಟು ಕಂಡಿರುತ್ತಾರೆ. ಇನ್ನೂ ಒಬ್ಬರು ಬಂದು ಹಚ್ಚಿಕೊಂಡು ಮಾಯವಾಗುವುದು ಅವರಿಗೆ ಬೇಕಿಲ್ಲ. ಇಂತಿಷ್ಟು ತಿಂಗಳು ಬರುತ್ತೇನೆ ಎಂದು ಮುಖ್ಯೋಪಾಧ್ಯಾಯರಿಗೂ ಮಕ್ಕಳಿಗೂ ಮೊದಲೇ ಹೇಳಿ, ಅಷ್ಟನ್ನು ನಡೆಸಿಕೊಡುವುದು ನ್ಯಾಯ.

ಕಾಮರ್ಸ್, ಕಾನೂನು ಓದುವವರು ಮಾಡಬಹುದಾದ ಒಂದು ಕೆಲಸವನ್ನು ಯಾರೂ ದೊಡ್ಡದೆಂದು ಎಣಿಸುವುದಿಲ್ಲ: ಅರ್ಜಿ ತುಂಬಿಕೊಡುವುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18ರಿಂದ 60 ವರ್ಷದೊಳಗಿದ್ದು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಕಾಯಿದೆಯಲ್ಲಿ ಇದು ಒಂದು ಸಾಲು. ಮೂರು ಮೇಸ್ತ್ರಿಗಳ ಕೈಕೆಳಗೆ ನಾಲ್ಕು ಕಡೆ ಕೆಲಸ ಮಾಡಿದ ಗಾರೆಯವನು ಆ 90 ದಿನವನ್ನು ಯಾರಿಂದ ಬರೆಸಿಕೊಂಡು ಬರಬೇಕು? ಆಧಾರ್ ಕಾರ್ಡಿನಲ್ಲಿ 'ಮಲ್ಲಪ್ಪ', ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 'ಮಲ್ಲಿಕಾರ್ಜುನ' ಎಂದಿದ್ದರೆ ದುಡ್ಡು ಎಲ್ಲಿ ನಿಲ್ಲುತ್ತದೆ? ಸಂಧ್ಯಾ ಸುರಕ್ಷಾ ಪಿಂಚಣಿ ಕೇಳುವ ಅಜ್ಜಿಯ ಬೆರಳಚ್ಚು ಸವೆದುಹೋಗಿ ಯಂತ್ರ ಗುರುತಿಸದಿದ್ದರೆ ಮುಂದೇನು? ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ, ಆದಾಯ ಪತ್ರದ ಸಂಖ್ಯೆ ಸೇರಿಸುವುದು ಹೇಗೆ? ಇವನ್ನು ಬಿಡಿಸುತ್ತ ಕೂತ ವಿದ್ಯಾರ್ಥಿಗೆ ಸರ್ಕಾರ ಎನ್ನುವುದು ನಾಡಕಚೇರಿಯ ಕೌಂಟರಿನ ಎರಡೂ ಕಡೆಯಿಂದ ಹೇಗೆ ಕಾಣುತ್ತದೆಂದು ತಿಳಿಯುತ್ತದೆ. ಕೆಎಎಸ್, ಐಎಎಸ್ ಪರೀಕ್ಷೆಗೆ ವಿಜಯನಗರದ ಕೋಚಿಂಗ್ ಕೇಂದ್ರಗಳಲ್ಲಿ ಕೂತು ಆಡಳಿತ ಶಾಸ್ತ್ರ ಬಾಯಿಪಾಠ ಮಾಡುವ ಯುವಕರು ವಾರಕ್ಕೊಮ್ಮೆ ಹೀಗೆ ಅರ್ಜಿ ಬರೆದುಕೊಟ್ಟರೆ, ಅವರು ಓದುತ್ತಿರುವ ಪುಸ್ತಕಕ್ಕೇ ಜೀವ ಬರುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಹೊತ್ತಿಗೆ ಪಾಯಿಂಟುಗಳ ಬಗ್ಗೆ ಕೇಳುತ್ತಿರುತ್ತಾರೆ. ಹೌದು, ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ನಿಯಮದಂತೆ ನಾಲ್ಕು ವರ್ಷದ ಕೋರ್ಸು ಮುಗಿಸುವುದರೊಳಗೆ ಇಂಥ ಸೇವೆಯ ಚಟುವಟಿಕೆಗಳಿಂದ 100 ಆ್ಯಕ್ಟಿವಿಟಿ ಪಾಯಿಂಟು ಗಳಿಸಬೇಕು. ವಿಟಿಯು ಕೂಡ ಇದನ್ನು ಜಾರಿಗೆ ತಂದಿದೆ. ಇದನ್ನು ನಾನು ವಿರೋಧಿಸುವುದಿಲ್ಲ. ದೇಶಮುಖ್ ಸಮಿತಿಯ ಕಡ್ಡಾಯಕ್ಕೂ ಸೈಯದೈನ್ ಅವರ ಸ್ವ-ಇಚ್ಛೆಗೂ ನಡುವಿನ ದಾರಿ ಇದು. ಪಾಯಿಂಟಿಗಾಗಿಯೇ ಹೊಸ್ತಿಲು ದಾಟಿದವರು ಆಮೇಲೆ ಕೆಲಸಕ್ಕಾಗಿ ಉಳಿದುಕೊಂಡದ್ದುಂಟು. ಆದರೆ ಹೋಗದ ಜಾಗಕ್ಕೆ ಹೋದಂತೆ ಸಹಿ ಹಾಕಿಸಿಕೊಳ್ಳುವುದು, ಬೇರೆಯವರ ವರದಿಯನ್ನು ನಕಲು ಮಾಡಿ ಹಾಜರುಪಡಿಸುವುದು ಮಾತ್ರ ಸ್ವಯಂಸೇವೆ ಮಾಡದಿರುವುದಕ್ಕಿಂತಲೂ ಕೆಟ್ಟದ್ದು. ಇಪ್ಪತ್ತನೇ ವಯಸ್ಸಿಗೇ ಸುಳ್ಳು ದಾಖಲೆ ಬರೆಯಲು ಕಲಿಸಿದಂತಾಗುತ್ತದೆ. ಸಹಿ ಹಾಕುವ ಅಧ್ಯಾಪಕರ ಹೊಣೆ ಇಲ್ಲಿ ದೊಡ್ಡದು.

ಎರಡು ಕೆಲಸಗಳನ್ನು ಒಟ್ಟಿಗೆ ಹೇಳುತ್ತೇನೆ: ರಕ್ತದಾನ ಮತ್ತು ಗಿಡ ನೆಡುವುದು. ಎರಡನ್ನೂ ಎಲ್ಲ ಕಾಲೇಜುಗಳೂ ಮಾಡುತ್ತವೆ, ಎರಡೂ ಒಂದೇ ಕಡೆ ಸೋಲುತ್ತವೆ. ದುಡ್ಡಿಗೆ ರಕ್ತ ಕೊಡುವ ಪದ್ಧತಿಗೆ ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿಯಿಂದ ತೆರೆ ಬಿತ್ತು. ಅಲ್ಲಿಂದ ಈಚೆಗೆ ನಮ್ಮ ರಕ್ತನಿಧಿಗಳು ಕಾಲೇಜು ಶಿಬಿರಗಳನ್ನು ಬಹಳವಾಗಿ ನೆಚ್ಚಿವೆ. 18 ವರ್ಷ ತುಂಬಿ, 45 ಕಿಲೊ ತೂಕ, 12.5 ಗ್ರಾಂ ಹಿಮೋಗ್ಲೋಬಿನ್ ಇದ್ದವರು ಕೊಡಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ಪ್ಲೇಟ್‌ಲೆಟ್ ಇಟ್ಟುಕೊಳ್ಳಲಾಗುವುದು ಐದು ದಿನ ಮಾತ್ರ. ಆದ್ದರಿಂದ ಅಕ್ಟೋಬರ್ 1ರ ಸ್ವಯಂಪ್ರೇರಿತ ರಕ್ತದಾನ ದಿನದಂದು ಕಾಲೇಜಿನ ಮುನ್ನೂರು ಜನ ಸಾಲುಗಟ್ಟಿ ಕೊಟ್ಟ ರಕ್ತ ಬೇಸಗೆಗೆ ಉಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ, ರಜೆ. ಶಿಬಿರಗಳು ನಿಂತು ರಕ್ತನಿಧಿ ಬರಿದಾಗುತ್ತದೆ. ಅಪಘಾತ, ಹೆರಿಗೆ, ತಲಸ್ಸೇಮಿಯದ ಮಕ್ಕಳಿಗೆ ಮಾತ್ರ ರಜೆಯಿಲ್ಲ.

ಗಿಡದ ಕಥೆಯೂ ಅದೇ. ಜ್ಞಾನಭಾರತಿಯ ಸಾವಿರ ಎಕರೆಗೂ ಮಿಕ್ಕ ಆವರಣದಲ್ಲಿ ನಿವೃತ್ತ ಅರಣ್ಯಾಧಿಕಾರಿ ಅ.ನ. ಯಲ್ಲಪ್ಪ ರೆಡ್ಡಿಯವರ ಮಾರ್ಗದರ್ಶನದಲ್ಲಿ ಬೆಳೆದ ಜೈವಿಕ ಉದ್ಯಾನಕ್ಕೆ ಹೋಗಿ ನೋಡಿ. ಎನ್ನೆಸ್ಸೆಸ್ ವಿದ್ಯಾರ್ಥಿಗಳ ಕೈಯೂ ಅದರಲ್ಲಿದೆ. ಅಲ್ಲಿನ ಮರಗಳು ಪರಿಸರ ದಿನದಂದು ನೆಟ್ಟದ್ದರಿಂದ ಆದವಲ್ಲ. ನೆಟ್ಟ ಮೇಲೆ ವರ್ಷಗಟ್ಟಲೆ ನೋಡಿಕೊಂಡದ್ದರಿಂದ ಆದವು. ಜೂನ್ 5ಕ್ಕೆ ನೆಟ್ಟ ಸಸಿಗೆ ಮಳೆ ನೀರುಣಿಸುತ್ತದೆ. ಅದು ಬದುಕುತ್ತದೋ ಇಲ್ಲವೋ ಎಂದು ತೀರ್ಮಾನವಾಗುವುದು ಮುಂದಿನ ಫೆಬ್ರವರಿಯಿಂದ ಮೇ ತನಕ. ಆಗ ಕೊಡ ಹಿಡಿದು ಬರುವವರು ಯಾರು ಎಂದು ಮೊದಲೇ ಹೆಸರು ಬರೆದಿಟ್ಟುಕೊಳ್ಳದ ಕಾಲೇಜು ಗಿಡ ನೆಡುವ ಕಾರ್ಯಕ್ರಮವನ್ನೇ ಇಟ್ಟುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ಉತ್ಸಾಹವೊಂದೇ ಸಾಲದು ಎಂಬುದಕ್ಕೆ ಹೊರಗಿನ ಒಂದು ನಿದರ್ಶನ ಇದೆ. 1995ರ ಜನವರಿ 17ರ ಬೆಳಗಿನ ಜಾವ ಜಪಾನಿನ ಕೋಬೆ ನಗರ ಭೂಕಂಪಕ್ಕೆ ಕುಸಿಯಿತು. ಆರು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ದೇಶದ ಮೂಲೆಮೂಲೆಯಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಸ್ವಯಂಸೇವಕರು ಬಂದರು. ಅವರಲ್ಲಿ ಬಹಳ ಮಂದಿ ವಿದ್ಯಾರ್ಥಿಗಳು, ಹಿಂದೆಂದೂ ಇಂಥ ಕೆಲಸ ಮಾಡದವರು. ಜಪಾನೀಯರು ಆ ವರ್ಷವನ್ನು ತಮ್ಮ ಸ್ವಯಂಸೇವೆಯ ಮೊದಲ ವರ್ಷ ಎಂದೇ ಕರೆದರು. ಅಷ್ಟೇ ಮುಖ್ಯವಾಗಿ ಅವರು ಇನ್ನೊಂದನ್ನೂ ಕಲಿತರು. ನೆರವಿಗೆ ಹೋಗುವವರು ತಮ್ಮ ಊಟ, ನೀರು, ಮಲಗುವ ವ್ಯವಸ್ಥೆಯನ್ನು ತಾವೇ ಕಟ್ಟಿಕೊಂಡು ಹೋಗಬೇಕು, ನೊಂದವರ ಮೇಲೆ ಹೊರೆಯಾಗಬಾರದು. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, 2019ರಲ್ಲಿ ಬೆಳಗಾವಿ, ಬಾಗಲಕೋಟೆಯ ಕಡೆ ಹೊಳೆಗಳು ಉಕ್ಕಿದಾಗ ಬೆಂಗಳೂರಿನ ವಿದ್ಯಾರ್ಥಿಗಳು ಸಾಮಾನು ಕೂಡಿಸಿದರು, ಲಾರಿಗೆ ತುಂಬಿದರು. ಆಗಲೂ ಹೆಚ್ಚು ಉಪಯೋಗಕ್ಕೆ ಬಂದವರು ಅಕ್ಕಿ, ಔಷಧಿ, ಹೊದಿಕೆಗಳನ್ನು ವಿಂಗಡಿಸಿ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸುವ ಕೆಲಸ ಹಿಡಿದವರು.

ಇದೇ ಎಚ್ಚರ ನಮ್ಮ ವೃಷಭಾವತಿಗೂ ಬೇಕು. ಬಸವನಗುಡಿಯ ಎತ್ತರದಲ್ಲಿ ಹುಟ್ಟಿ, ಮೈಸೂರು ರಸ್ತೆಯ ಪಕ್ಕದಲ್ಲಿ ನಾಯಂಡಹಳ್ಳಿ, ಕೆಂಗೇರಿ ಹಾದು, ಬೈರಮಂಗಲದ ಕೆರೆ ತುಂಬಿಸಿ ಅರ್ಕಾವತಿ ಸೇರುವ ಈ ಹೊಳೆಯಲ್ಲಿ ಇವತ್ತು ಇರುವುದು ಬಹುಪಾಲು ಚರಂಡಿಯ ನೀರು, ಕಾರ್ಖಾನೆಗಳ ನೀರು. ಕೈಗವಸಿಲ್ಲದೆ ಹುಡುಗರನ್ನು ಅದರೊಳಗೆ ಇಳಿಸಿ ಕಸ ಎತ್ತಿಸುವುದು ಸೇವೆಯಾಗುವುದಿಲ್ಲ, ಅಪಾಯ. ರಸಾಯನಶಾಸ್ತ್ರ, ಪರಿಸರ ವಿಜ್ಞಾನ ಓದುವವರು ತಿಂಗಳಿಗೊಮ್ಮೆ ಅಧ್ಯಾಪಕರ ಜೊತೆ ಬಂದು, ಒಂದೇ ಜಾಗದಲ್ಲಿ ನೀರಿನ ಮಾದರಿ ತೆಗೆದು, ಅದರ ಆಮ್ಲೀಯತೆ, ಕರಗಿದ ಆಮ್ಲಜನಕ ಅಳೆದು ಪುಸ್ತಕದಲ್ಲಿ ದಾಖಲಿಸುತ್ತ ಹೋಗಲಿ. ಒಂದು ತಂಡ ಪದವಿ ಮುಗಿಸಿ ಹೊರಟಾಗ ಆ ಪುಸ್ತಕವನ್ನು ಮುಂದಿನ ತಂಡಕ್ಕೆ ಕೊಡಲಿ. ಹತ್ತು ವರ್ಷದ ಅಂಥ ದಾಖಲೆ ಕೈಯಲ್ಲಿದ್ದರೆ ಈ ಹೊಳೆಯ ಪರವಾಗಿ ಯಾವ ಕಚೇರಿಯ ಮುಂದೆ ಬೇಕಾದರೂ ನಿಂತು ಮಾತಾಡಬಹುದು.

ಕೆಲಸ ಸಿಗಲು ಸ್ವಯಂಸೇವೆಯಿಂದ ಸಹಾಯವಾಗುತ್ತದೆಯೇ ಎಂದು ತಂದೆತಾಯಿಗಳು ಕೇಳುತ್ತೀರಿ. ಆಗುತ್ತದೆ. ಸಂದರ್ಶನದಲ್ಲಿ ಕೂತವರು ಕಷ್ಟದ ಸಂದರ್ಭವೊಂದನ್ನು ಹೇಳಿ ಎಂದಾಗ, ಓದಿ ಬಂದ ಉತ್ತರಕ್ಕೂ ಬಾಳಿ ಬಂದ ಉತ್ತರಕ್ಕೂ ಇರುವ ವ್ಯತ್ಯಾಸ ಅವರಿಗೆ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಮನೆಯೊಳಗೇ ಕಾಣುತ್ತದೆ. ಫೋನಿನಲ್ಲಿ ಮುಳುಗಿ, ಅಂಕ ಕಡಿಮೆಯಾಯಿತೆಂದು ಕುಗ್ಗಿ, ತಾನು ಯಾವುದಕ್ಕೂ ಬೇಡವಾದವನು ಎಂದುಕೊಂಡ ಮಗ ಅಥವಾ ಮಗಳಿಗೆ, ಶನಿವಾರ ನಾಲ್ಕು ಗಂಟೆಗೆ ನಾನು ಅಲ್ಲಿರಲೇಬೇಕು ಎನ್ನುವ ಒಂದು ಕಾರಣ ಸಿಕ್ಕರೆ ಆ ಮಗು ಎದ್ದು ಹೊರಡುತ್ತದೆ. ಅದನ್ನು ತಡೆಯಬೇಡಿ.

ವಿದ್ಯಾರ್ಥಿಗಳೇ, ನಿಮ್ಮ ಕಾಲೇಜಿನಲ್ಲಿ ಎನ್ನೆಸ್ಸೆಸ್ ಘಟಕ ಇದ್ದರೆ ನಾಳೆಯೇ ಕಾರ್ಯಕ್ರಮಾಧಿಕಾರಿಯನ್ನು ಕಂಡು ಹೆಸರು ಕೊಡಿ. ಇಲ್ಲದಿದ್ದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನೋ ರಕ್ತನಿಧಿಯವರನ್ನೋ ಹೋಗಿ ಕೇಳಿ. ಕಾಲೇಜಿನಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದೇ ಕೆಲಸ ಆರಿಸಿಕೊಳ್ಳಿ, ವಾರಕ್ಕೆ ಎರಡು ಗಂಟೆ ಗೊತ್ತುಮಾಡಿಕೊಳ್ಳಿ. ಪ್ರಾಂಶುಪಾಲರಿಗೂ ಅಧ್ಯಾಪಕರಿಗೂ ನನ್ನ ವಿನಂತಿ ಒಂದೇ: ಈ ವರ್ಷದ ಸೇವಾ ಕಾರ್ಯಕ್ರಮಗಳ ಪಟ್ಟಿ ಮಾಡುವಾಗ ಏಪ್ರಿಲ್ ಮತ್ತು ಮೇ ತಿಂಗಳಿಂದ ಶುರುಮಾಡಿ. ಆ ಎರಡು ತಿಂಗಳು ಊರಲ್ಲೇ ಉಳಿಯುವ ವಿದ್ಯಾರ್ಥಿಗಳ ಹೆಸರನ್ನು ಮೊದಲು ಬರೆದುಕೊಳ್ಳಿ.